ಬೇರೆ ಏನೂ ಬರುವುದಿಲ್ಲ ಎಂದು ಬರೆದೆಯಲ್ಲ

ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ನರ್ಸ್ ಕೆಲಸದ ರಾತ್ರಿ ಪಾಳಿ, ಸಂಬಳ, ಹಾಸ್ಟೆಲ್ಲಿನ ಊಟ, ನಿನ್ನ ಅಪ್ಪನ ಹಟ, ಇವೆಲ್ಲ ನಮಗೆ ಹೊಸದಲ್ಲ. ಆ ಪುಟಗಳನ್ನು ಓದಿ ಮಡಿಸಿಟ್ಟೆ. ಕೊನೆಯ ಪುಟದಲ್ಲಿ ಒಂದು ಸಾಲಿದೆ: "ಬಿಡಬೇಕು ಅನ್ನಿಸುತ್ತದೆ ದೊಡ್ಡಪ್ಪ, ಆದರೆ ನನಗೆ ಇದನ್ನು ಬಿಟ್ಟು ಬೇರೆ ಏನೂ ಬರುವುದಿಲ್ಲ." ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ದೊಡ್ಡಮ್ಮ ಊಟಕ್ಕೆ ಕರೆದದ್ದು ಕೇಳಿಸದೆ ಬೈಸಿಕೊಂಡೆ.

ಕೆಲಸ ಬಿಡುತ್ತೀಯೋ ಇರುತ್ತೀಯೋ, ಅದು ನಿನ್ನ ಇಷ್ಟ. ಅದಕ್ಕೆ ನಾನು ಅಂಜುವುದಿಲ್ಲ. ಆ ಸಾಲಿಗೆ ಅಂಜುತ್ತೇನೆ. ಆ ಮಾತನ್ನು ಹಿಂದೊಮ್ಮೆ ಮಿಲ್ಲಿನ ಗೇಟಿನ ಮುಂದೆ ಎಷ್ಟೋ ಜನರ ಬಾಯಲ್ಲಿ ಕೇಳಿದವನು ನಾನು.

ಹತ್ತಿ ಮಿಲ್ಲುಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವನ್ನು ನೀನು ಕಂಡಿಲ್ಲ. ಈಗ ಹೊರಗಿನವರಿಗೆ ದಾವಣಗೆರೆ ಎಂದರೆ ಬೆಣ್ಣೆ ದೋಸೆ. ನಾನು ನೂಲುವ ವಿಭಾಗದಲ್ಲಿದ್ದೆ. ರಿಂಗ್ ಫ್ರೇಮುಗಳ ನಡುವೆ ಪಾಳಿಯುದ್ದಕ್ಕೂ ಅತ್ತಿಂದಿತ್ತ ನಡೆಯುವುದು, ಎಳೆ ಎಲ್ಲಿ ಹರಿದಿದೆಯೋ ಅಲ್ಲಿ ನಿಲ್ಲುವುದು. ಇಡೀ ಯಂತ್ರವನ್ನು ನಿಲ್ಲಿಸುವಂತಿಲ್ಲ. ಆ ಒಂದು ಕದಿರನ್ನು ಮಾತ್ರ ತಡೆದು, ನೂಲಿನ ತುದಿ ಹುಡುಕಿ, ರೋಲರ್‌ನಿಂದ ಇಳಿಯುತ್ತಿರುವ ಹತ್ತಿಗೆ ತಾಗಿಸಿ ಕೈಬಿಟ್ಟರೆ ಎರಡೂ ತಾವೇ ಹೊಸೆದುಕೊಳ್ಳಬೇಕು. ಗಂಟು ಕಾಣಬಾರದು. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಬೆರಳಿನ ತುದಿಯೇ ಕಲಿಯಬೇಕು. ಒಂದು ಪೌಂಡಿನಲ್ಲಿ 840 ಗಜದ ಲಡಿಗಳು 40 ಬಂದರೆ ಅದು ನಲವತ್ತರ ಕೌಂಟಿನ ನೂಲು. ಎಳೆಯನ್ನು ಬೆರಳಲ್ಲಿ ಉಜ್ಜಿ ನಲವತ್ತರದೋ ಅರವತ್ತರದೋ ಹೇಳುವವರು ನಮ್ಮಲ್ಲಿದ್ದರು. ಈಗ ಆ ಬೆರಳುಗಳನ್ನು ಯಾರು ಕೇಳುತ್ತಾರೆ, ಬಿಡು.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಮಿಲ್ಲುಗಳು ಒಂದೊಂದಾಗಿ ಸೊರಗಿದವು. ನಮ್ಮ ಗೇಟಿಗೂ ನೋಟಿಸು ಬಿತ್ತು. ಇಂದು ತೆರೆಯುತ್ತದೆ, ಹಬ್ಬ ಕಳೆದ ಮೇಲೆ ತೆರೆಯುತ್ತದೆ ಎಂದು ಬೆಳಗಿನ ಪಾಳಿಯ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುತ್ತಿದ್ದೆವು. ಎದುರಿನ ಚಹಾದಂಗಡಿಯಲ್ಲಿ ಸಾಲ ಬೆಳೆಯಿತು. "ಇದನ್ನು ಬಿಟ್ಟರೆ ನಮಗೆ ಬೇರೆ ಏನು ಬರುತ್ತದೆ?" ಎಂಬುದು ಅಲ್ಲಿ ದಿನಾ ಆಡುತ್ತಿದ್ದ ಮಾತು. ಆಡಿದರೆ ಒಂದು ತರಹದ ನೆಮ್ಮದಿಯೂ ಇತ್ತು ನೋಡು. ಆ ದಿನದ ಮಟ್ಟಿಗೆ ಮತ್ತೆಲ್ಲೂ ಹುಡುಕಬೇಕಾಗಿರಲಿಲ್ಲ. ನನ್ನ ಪಕ್ಕದ ಫ್ರೇಮಿನಲ್ಲಿದ್ದವನೊಬ್ಬ ನನಗಿಂತ ಚುರುಕು ಕೈಯವನು. ಗೇಟಿಗೆ ತುಕ್ಕು ಹಿಡಿದ ಮೇಲೂ, ಏನು ಮಾಡಿಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ "ಮಿಲ್ಲಿನಲ್ಲಿದ್ದೇನೆ" ಎನ್ನುತ್ತಿದ್ದ. ಸಾಯುವವರೆಗೂ ಹಾಗೆಯೇ ಅಂದ.

ನಿನ್ನ ದೊಡ್ಡಮ್ಮ ಯಾರನ್ನೂ ಕೇಳದೆ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋದಳು. ಅವಳಿಗೆ ಆ ಕೆಲಸ ಬರುತ್ತಿತ್ತೇ? ಎಲ್ಲಿಯ ಮಾತು! ಉಪ್ಪು ಹಿಡಿಸಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಅರಳುತ್ತದೆ, ತುಸು ತಡವಾದರೆ ಕೆಂಪಗಾಗುತ್ತದೆ. ಆ ಹೊತ್ತನ್ನು ಅವಳು ಮೊದಲ ಸಂಬಳಕ್ಕೆ ಮುಂಚೆಯೇ ಹಿಡಿದುಬಿಟ್ಟಳು. ಆಗ ಒಲೆಗಳಿಗೆ ಹಳೆಯ ಟೈರು ತುರುಕುತ್ತಿದ್ದರು. ಈಗ ಮಳೆಗಾಲ ಬಂತೆಂದರೆ ಅವಳಿಗೆ ಹತ್ತುವ ಉಬ್ಬಸ ಅಲ್ಲಿಂದಲೇ ಬಂದದ್ದೆಂದು ನನ್ನ ಅನುಮಾನ. ಡಾಕ್ಟರನ್ನು ಕೇಳಿದೆ, ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾನು ಗೇಟಿನ ಮುಂದೆ ನಿಂತಿದ್ದ ಬೆಳಗುಗಳಲ್ಲಿ ಅವಳು ಆ ಹೊಗೆಯೊಳಗಿದ್ದಳು. ಇದನ್ನೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಅವಳಿಗೆ ಓದಿ ಹೇಳಬೇಡ.

ಆಮೇಲೆ ದಲಾಲಿ ಮಂಡಿಯಲ್ಲಿ ನನ್ನನ್ನು ಗುಮಾಸ್ತನಾಗಿ ಇಟ್ಟುಕೊಂಡರು. ಮೆಕ್ಕೆಜೋಳದ ತೂಕ, ದರ, ರೈತರ ಚೀಟಿ. ಕೌಂಟು, ಲಡಿ, ಪೌಂಡು ಎಂದು ಲೆಕ್ಕ ಹಾಕಿ ಪಳಗಿದ ತಲೆಗೆ ಕ್ವಿಂಟಾಲಿನ ಲೆಕ್ಕ ಏನು ಮಹಾ ಎಂದು ಸಾಹುಕಾರರೇ ಹೇಳಿದರು. ಅವರು ಹೇಳುವ ತನಕ ನನಗದು ಹೊಳೆದಿರಲಿಲ್ಲ.

ನಿನಗೂ ಹೊಳೆದಿಲ್ಲ. ಹೋದ ಮಳೆಗಾಲದಲ್ಲಿ ದೊಡ್ಡಮ್ಮನಿಗೆ ಉಸಿರು ಕಟ್ಟಿದ ರಾತ್ರಿ ನೆನಪಿದೆಯೇ? ನಾವೆಲ್ಲ ಗಾಬರಿಯಲ್ಲಿ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದೆವು. ನೀನು ಗಡಿಯಾರ ನೋಡುತ್ತ ಅವಳ ಎದೆ ಏರಿಳಿಯುವುದನ್ನು ಎಣಿಸುತ್ತ ಕೂತಿದ್ದೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ವಯಸ್ಸು, ಎಷ್ಟು ವರ್ಷದ ಕಾಯಿಲೆ, ಉಸಿರು ಎಷ್ಟು, ನಾಡಿ ಎಷ್ಟು, ಇನ್ಹೇಲರ್ ಎಷ್ಟು ಸಲ ಕೊಟ್ಟಾಯಿತು, ಈಗ ಅವರಿಂದ ಏನು ಬೇಕು. ಒಂದು ಮಾತು ಹೆಚ್ಚಿರಲಿಲ್ಲ, ಒಂದು ಕಡಿಮೆಯಿರಲಿಲ್ಲ. ಲಕ್ಷಗಟ್ಟಲೆ ವ್ಯವಹಾರ ಮಾಡುವವರ ಬಾಯಲ್ಲೂ ಅಷ್ಟು ಚೊಕ್ಕ ಮಾತನ್ನು ನಾನು ಮಂಡಿಯಲ್ಲಿ ಕೇಳಿಲ್ಲ. ಪಾಳಿ ಬದಲಾಗುವಾಗ ಹಾಗೆಯೇ ಒಪ್ಪಿಸುತ್ತೇವೆ, ಅದರಲ್ಲೇನಿದೆ ಎಂದು ನೀನು ಅಂದೆ. ಅದರಲ್ಲಿರುವುದು ನಿನಗೆ ಕಾಣುವುದಿಲ್ಲ, ಅಷ್ಟೇ.

ಇನ್ನೊಂದು. ಕಾಗದದ ತುಂಬ ಬೇಸರವನ್ನೇ ಬರೆದಿರುವ ನೀನು, ನಡುವೆ ಆ ಸಕ್ಕರೆ ಕಾಯಿಲೆಯ ಮುದುಕರ ವಿಷಯ ಬಂದಾಗ ಮಾತ್ರ ಅರ್ಧ ಪುಟ ಬರೆದಿದ್ದೀಯ. ಸೂಜಿಗೆ ಹೆದರಿ ಕೈ ಹಿಂದೆಳೆಯುತ್ತಿದ್ದವರಿಗೆ ಹೊಟ್ಟೆಯ ಮೇಲಿನ ಚರ್ಮ ಚಿವುಟಿ ಹಿಡಿಯುವುದು, ದಿನಾ ಜಾಗ ಬದಲಿಸುವುದು, ಇನ್ಸುಲಿನ್ ಫ್ರಿಜ್ಜಿನಲ್ಲಿಡುವುದು ಎಲ್ಲವನ್ನೂ ಕಲಿಸಿ, ಮನೆಗೆ ಹೋಗುವ ದಿನ ಅವರೇ ಚುಚ್ಚಿಕೊಳ್ಳುವಂತೆ ಮಾಡಿದೆಯಂತೆ. ಅದನ್ನು ಬರೆದದ್ದು ಬೇಸತ್ತವಳಂತೆ ಕಾಣಲಿಲ್ಲ. ನಿನಗೆ ಸಾಕಾಗಿರುವುದು ನರ್ಸಿಂಗೋ, ಆ ವಾರ್ಡೋ, ಆ ರಾತ್ರಿಗಳೋ? ಇಲ್ಲಿ ಕೂತು ನಾನು ಹೇಳಲಾರೆ. ನೀನೇ ಯೋಚಿಸು.

ಮೇ 12ರಂದು, ನರ್ಸುಗಳ ದಿನವೆಂದು, ಪ್ರತಿ ವರ್ಷ ಪತ್ರಿಕೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ಬರುತ್ತದಲ್ಲ, ಕೈಯಲ್ಲಿ ದೀಪ. ಆಕೆ ಕ್ರಿಮಿಯಾ ಯುದ್ಧದ ಗಾಯಾಳುಗಳಿಗೆಂದು ಹೋದದ್ದು 1854ರಲ್ಲಿ, ಮರಳಿದ್ದು 1856ರಲ್ಲಿ, ಬದುಕಿದ್ದು 1910ರವರೆಗೆ. ನಡುವಿನ ಅರ್ಧ ಶತಮಾನ ಆಕೆ ಮಾಡಿದ್ದು ಹೆಚ್ಚಾಗಿ ಕಾಗದ, ಅಂಕಿ, ವರದಿಯ ಕೆಲಸ. ಗಾಯಕ್ಕಿಂತ ರೋಗಕ್ಕೆ ಸತ್ತ ಸೈನಿಕರೇ ಹೆಚ್ಚು ಎಂಬುದನ್ನು ಅಂಕಿಗಳ ಚಿತ್ರ ಬರೆದು ಸರ್ಕಾರದ ಕಣ್ಣಿಗೆ ಹಿಡಿದಳು. ಒಮ್ಮೆಯೂ ಇಲ್ಲಿಗೆ ಬರದೆ ನಮ್ಮ ದೇಶದ ಚರಂಡಿ, ಕುಡಿಯುವ ನೀರಿನ ಬಗ್ಗೆ ವರ್ಷಗಟ್ಟಲೆ ಬರೆದಳು. ಆಕೆಯನ್ನು ಯಾರಾದರೂ ನರ್ಸಿಂಗ್ ಬಿಟ್ಟವಳು ಎಂದರೇ? ಹಾಸಿಗೆಯ ಪಕ್ಕದಿಂದ ಎದ್ದವಳ ಫೋಟೊ ಇಟ್ಟು ಹಾರ ಹಾಕುತ್ತಾರೆ, ಹಾಸಿಗೆಯ ಪಕ್ಕದಿಂದ ಏಳಬೇಕೆಂದ ನಿನ್ನನ್ನು ದುಡುಕಿನವಳು ಎನ್ನುತ್ತಾರೆ.

ಇನ್ನು ದಾರಿಗಳ ವಿಷಯ. ಮೊಬೈಲಿನಲ್ಲಿ ಓದಿದ್ದು, ಪಕ್ಕದ ಮನೆಯ ಹುಡುಗನಿಂದ ಕೇಳಿದ್ದು, ತಪ್ಪಿದ್ದರೆ ನಗಬೇಡ. ಹಳ್ಳಿಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂದು ನರ್ಸಿಂಗ್ ಓದಿದವರನ್ನು ತೆಗೆದುಕೊಳ್ಳುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ನೋಡಿಕೊಳ್ಳುವುದೇ ಅಲ್ಲಿ ದೊಡ್ಡ ಕೆಲಸ, ಆ ಮುದುಕರಂಥವರೇ ಎಲ್ಲ. ಆದರೆ ಗುತ್ತಿಗೆ ನೌಕರಿ, ಅದನ್ನು ಮುಚ್ಚಿಡುವುದಿಲ್ಲ. ಆರೋಗ್ಯ ವಿಮೆಯ ಕಂಪನಿಗಳಿಗೆ ಬಿಲ್ಲನ್ನೂ ಕೇಸ್ ಶೀಟನ್ನೂ ತಾಳೆ ನೋಡುವವರು ಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಗುಣಮಟ್ಟದ ವಿಭಾಗವಿದೆ, ಸೋಂಕು ತಡೆಯುವುದನ್ನಷ್ಟೇ ನೋಡುವ ನರ್ಸ್ ಇರುತ್ತಾರೆ. ಮೆಡಿಕಲ್ ಕೋಡಿಂಗ್ ಎಂದರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಎಂದುಕೊಂಡಿದ್ದೆ, ಕಾಯಿಲೆಗೂ ಚಿಕಿತ್ಸೆಗೂ ಸಂಕೇತ ಸಂಖ್ಯೆ ಹಾಕುವುದಂತೆ. ನಿನಗೆ ಇದ್ಯಾವುದೂ ಬೇಡ, ಪೂರ್ತಿ ಬೇರೆಯದೇ ಬೇಕು ಎಂದರೆ ಅದಕ್ಕೂ ನನ್ನ ತಕರಾರಿಲ್ಲ. ದೊಡ್ಡಮ್ಮನಿಗೆ ಮಂಡಕ್ಕಿ ಹುರಿಯುವುದು ಬರುತ್ತಿತ್ತೇ?

ಏನೇ ಮಾಡಿದರೂ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯನ್ನು ನವೀಕರಿಸದೆ ಬಿಡಬೇಡ. ನಿನ್ನ ಮೂಲ ಅಂಕಪಟ್ಟಿಗಳು ನಿನ್ನ ಹತ್ತಿರವೇ ಇವೆಯೋ, ಸೇರುವಾಗ ಆಸ್ಪತ್ರೆಯವರು ಇಟ್ಟುಕೊಂಡಿದ್ದಾರೋ? ಕಾಗದದಲ್ಲಿ ಆ ವಿಷಯ ಬರೆದಿಲ್ಲ. ಬಾಂಡ್ ಮುಗಿಯುವ ತಿಂಗಳನ್ನೂ ಬರೆ. ಅನುಭವ ಪತ್ರ ಕೈಗೆ ಬರುವ ತನಕ ಯಾರ ಹತ್ತಿರವೂ ಜಗಳ ಬೇಡ. ಐದಾರು ತಿಂಗಳ ಖರ್ಚಿನಷ್ಟು ದುಡ್ಡು ಬೇರೆ ಇಡು, ಕಡಿಮೆ ಬಿದ್ದರೆ ನನಗೆ ಹೇಳು, ಅಪ್ಪನಿಗೆ ತಿಳಿಯಬೇಕಾಗಿಲ್ಲ. ಇಷ್ಟೇ ನನಗೆ ತಿಳಿದದ್ದು. ಗುಮಾಸ್ತನ ಬುದ್ಧಿ, ಕಾಗದಪತ್ರ ಬಿಟ್ಟು ಆಚೆ ಹೋಗುವುದಿಲ್ಲ.

ದುಗ್ಗಮ್ಮನ ಜಾತ್ರೆಗೆ ರಜೆ ಹಾಕಿ ಬಾ. ಅಪ್ಪನ ಜೊತೆ ಮಾತನಾಡುವುದನ್ನು ನನಗೆ ಬಿಡು, ಬೈದರೆ ನನ್ನನ್ನೇ ಬೈಯಲಿ, ಅಣ್ಣನಾಗಿ ಅಷ್ಟಾದರೂ ತಡೆದುಕೊಳ್ಳುತ್ತೇನೆ. ಬರುವ ಮೊದಲು ಒಂದು ಕಾಗದ ಹಾಕು. ಅದರಲ್ಲಿ ನಿನಗೆ ಏನೇನು ಬರುತ್ತದೆ ಎಂದು ಸಾಲಾಗಿ ಬರೆ, ಆ ಮುದುಕರಿಗೆ ಕಲಿಸಿದ್ದು ಮೊದಲು ಬರಲಿ. ಬರೆಯಲು ಸಂಕೋಚವಾದರೆ ನಾನೇ ಬರೆದು ಕಳಿಸುತ್ತೇನೆ. ಮಂಡಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಶುರು ಮಾಡಿದ್ದೇನೆ, ಒಂದು ಪುಟ ದಾಟಿದೆ.

ಇಂತಿ,
ನಿನ್ನ ದೊಡ್ಡಪ್ಪ