ಸ್ನಾನಘಟ್ಟದಲ್ಲಿ ಶಾಂಪೂ ಪೊಟ್ಟಣ

ಮಾನ್ಯರೇ,

ಕಳೆದ ಅಮಾವಾಸ್ಯೆಗೆ ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಹೋಗಿದ್ದೆ. ಮೆಟ್ಟಿಲ ಸಂದಿಯಲ್ಲೆಲ್ಲ ಹರಿದ ಶಾಂಪೂ ಪೊಟ್ಟಣ. ಕಾವೇರಿಯಲ್ಲಿ ಮುಳುಗಿ ಎದ್ದಾಗ ಒಂದು ನನ್ನ ತೋಳಿಗೇ ಅಂಟಿತ್ತು. ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್ 2022ರ ಜುಲೈ 1ರಿಂದ ನಿಷೇಧವಾಯಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗಳ ಆ ನಿಷೇಧದ ಪಟ್ಟಿಯಲ್ಲಿ ಈ ಪೊಟ್ಟಣವೇ ಇಲ್ಲ. ಹಲವು ಪದರ ಅಂಟಿಸಿ ಮಾಡಿದ್ದು, ಗುಜರಿಯವರೂ ಮುಟ್ಟುವುದಿಲ್ಲ.

ಪ್ಲಾಸ್ಟಿಕ್‌ಗೆ ಬದಲಿಯಾಗಿ ಬಿದಿರಿನ ಹಲ್ಲುಜ್ಜುವ ಬ್ರಷ್, ಸೋಪಿನಂತೆ ಗಟ್ಟಿಯಾದ ಶಾಂಪೂ ಬಾರ್ ಈಗ ಮೈಸೂರಿನ ಅಂಗಡಿಗಳಿಗೂ ಬಂದಿವೆ. ಸಂತೋಷವೇ. (ಬ್ರಷ್‌ನ ಎಳೆ ಬಹುತೇಕ ಇನ್ನೂ ನೈಲಾನೇ, ಆ ಮಾತು ಬೇರೆ.) ಆದರೆ ಬೆಲೆ ಕೇಳಿದರೆ ಎರಡು ರೂಪಾಯಿ ಪೊಟ್ಟಣ ಕೊಳ್ಳುವವರು ಹಿಂದೆ ಸರಿಯುತ್ತಾರೆ. ನಮ್ಮ ಮನೆಗೆ ದೇವರಾಜ ಮಾರುಕಟ್ಟೆಯ ಸೀಗೆಪುಡಿ ಸಾಕಾಗಿದೆ, ಹಳೇ ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿಟ್ಟಿದ್ದೇವೆ. ಘಟ್ಟದ ಅಂಗಡಿಗಳಲ್ಲಿ ಪೊಟ್ಟಣ ನಿಲ್ಲಿಸಿ, ಕಾಗದದಲ್ಲಿ ಕಟ್ಟಿದ ಸೀಗೆಪುಡಿ ಇಡಿಸಲು ಸ್ಥಳೀಯ ಆಡಳಿತ ಮುಂದಾಗಲಿ.

– ಓದುಗ, ಮೈಸೂರು