ಸೀಪ್ಯಾಪ್ ಬಳಸುವವರಿಗೆ: ನೀರು, ಧೂಳು, ಕರೆಂಟು

ಸದಸ್ಯರ ಗಮನಕ್ಕೆ. ಸ್ಲೀಪ್ ಆಪ್ನಿಯಾಗೆ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ಕಾಯಿಲೆ) ಸೀಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ, ಹಚ್ಚಿಕೊಂಡು ಮಲಗುವವರಿಗೆ ವಿಜಯಪುರದ ಬ್ಯಾಸಗಿಯಲ್ಲಿ ಮೂಗು, ಗಂಟಲು ಒಣಗುವುದೇ ದೊಡ್ಡ ಕಾಟ. ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬೇಕೇ ಬೇಕು. ಆದರೆ ಅದರ ನೀರಿನ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಬ್ಯಾಡ್ರಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಲವಣ ಪೂರ್ತಿ ಹೋಗುವುದಿಲ್ಲ. ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಸರಿ. ಬೆಳಿಗ್ಗೆ ಉಳಿದದ್ದನ್ನು ಚೆಲ್ಲಿ ತೊಟ್ಟಿ ಒಣಗಿಸಿ.

ಯಂತ್ರದೊಳಗೆ ಹೋಗುವ ಗಾಳಿಯ ಧೂಳು ತಡೆಯುವ ಬಿಳಿ ಫಿಲ್ಟರ್ ತೊಳೆಯುವಂಥದ್ದಲ್ಲ. ತಿಂಗಳಿಗೊಂದು ಎನ್ನುವ ಲೆಕ್ಕ ಜೋಳದ ರಾಶಿ ದಿನಗಳ ಧೂಳಿಗೆ ಸಾಲದು. ವಾರಕ್ಕೊಮ್ಮೆ ತೆಗೆದು ನೋಡಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ.

ಮಾಸ್ಕ್ ಸೋರಿದರೆ ಎಲ್ಲರೂ ಪಟ್ಟಿ ಬಿಗಿಯುತ್ತಾರೆ. ಅದೇ ತಪ್ಪು. ಅತಿ ಬಿಗಿದರೆ ಸಿಲಿಕಾನ್ ಮೆತ್ತೆ ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಮಲಗಿ, ಯಂತ್ರ ಚಾಲೂ ಮಾಡಿ, ಗಾಳಿ ಬರುವಾಗಲೇ ಪಟ್ಟಿ ಹೊಂದಿಸಿ. ಮುಖದ ಎಣ್ಣೆ ಜಿಡ್ಡು ಮೊದಲೇ ತೊಳೆದಿರಲಿ. ಗಡ್ಡ ಬಿಟ್ಟವರಿಗೆ ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೋ ಮಾಸ್ಕ್ ಹೆಚ್ಚು ಹೊಂದುತ್ತದೆ.

ಕರೆಂಟು ಹೋದರೆ ಮಾಸ್ಕ್ ತೆಗೆಯಿರಿ. ಇನ್ವರ್ಟರ್ ಮೇಲೆ ಓಡಿಸುವುದಾದರೆ ಹ್ಯೂಮಿಡಿಫೈಯರ್ ಹೀಟರ್ ಬಂದ್ ಮಾಡಿ, ಹೆಚ್ಚು ವಿದ್ಯುತ್ ತಿನ್ನುವುದು ಅದೇ. ಯಂತ್ರವಿಲ್ಲದ ರಾತ್ರಿ ಮಗ್ಗುಲಾಗಿ ಮಲಗಿ.

ಯಂತ್ರದ ಪರದೆಯ ಮೇಲಿನ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ) 5ಕ್ಕಿಂತ ಕಡಿಮೆ ಇರಬೇಕು. ವಾರಗಟ್ಟಲೆ ಮೇಲೆಯೇ ಇದ್ದರೆ ಗಾಳಿಯ ಒತ್ತಡವನ್ನು ನೀವೇ ಬದಲಿಸದೆ, ನಿದ್ದೆಯ ದಾಖಲೆ ಇರುವ ಯಂತ್ರದ ಕಾರ್ಡ್ ಸಮೇತ ವೈದ್ಯರಲ್ಲಿಗೆ ಹೋಗಿ. ನಿದ್ದೆಗುಳಿಗೆ, ಮದ್ಯ ಎರಡೂ ಗಂಟಲ ಸ್ನಾಯು ಸಡಿಲಿಸಿ ಉಸಿರು ಇನ್ನಷ್ಟು ಕಟ್ಟಿಸುತ್ತವೆ. ಹಗಲು ತೂಕಡಿಕೆ ಇರುವವರು ಸೋಲಾಪುರ ರಸ್ತೆಗೆ ಗಾಡಿ ಇಳಿಸಬೇಡಿ.