ಓಡುತ್ತಿರುವಾಗಲೇ ಹಿಡಿದುಕೊಟ್ಟವರಿಗೆ

ಎದೆಬಡಿತದ ಬಗ್ಗೆ ನಾವು ನಡೆಸುತ್ತಿರುವ ಮಾಹಿತಿ ಸಭೆಗಳಿಗೆ ಈ ತಿಂಗಳಿಗೆ ಒಂದು ವರ್ಷ ತುಂಬಿತು. ಹಾರ, ಶಾಲು ಬೇಡವೆಂದು ಮೊದಲೇ ಮಾತಾಗಿತ್ತು. ಆದರೆ ಕೆಲವರಿಗೆ ಧನ್ಯವಾದ ಹೇಳದೆ ಸುಮ್ಮನಿರುವುದು ಸರಿಯಲ್ಲ. ಮೊದಲು ಹೇಳಬೇಕಾದ್ದು ತಾಲ್ಲೂಕು ಆಸ್ಪತ್ರೆಗಳ ಇಸಿಜಿ ಟೆಕ್ನಿಷಿಯನ್‌ಗಳಿಗೆ.

ಯಾಕೆಂದರೆ ಎಸ್‌ವಿಟಿ (ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ) ಎಂಬ, ಎದೆ ಇದ್ದಕ್ಕಿದ್ದಂತೆ ಓಡತೊಡಗುವ ತೊಂದರೆ ಸ್ವಿಚ್ ಹಾಕಿದಂತೆ ಶುರುವಾಗಿ, ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ. 75 ಇದ್ದ ನಾಡಿ ಒಮ್ಮೆಲೇ 180. ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ವಿದ್ಯುತ್ತು ಒಂದೇ ದಾರಿಯಲ್ಲಿ ಇಳಿಯಬೇಕು. ಕೆಲವರಲ್ಲಿ ಇನ್ನೊಂದು ದಾರಿಯೂ ಇರುತ್ತದೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಗಾಣದೆತ್ತಿನಂತೆ ಸುತ್ತತೊಡಗಿದರೆ, ಸುತ್ತಿಗೊಂದು ಬಡಿತ. ಆ ಸುತ್ತು ಕಡಿದ ಮೇಲೆ ಇಸಿಜಿ ತೆಗೆದರೆ ಬಹಳಷ್ಟು ಜನರಲ್ಲಿ ಎಲ್ಲ ನಾರ್ಮಲ್. ಆಮೇಲೆ ‘ಟೆನ್ಷನ್’, ‘ಗ್ಯಾಸ್ಟ್ರಿಕ್’ ಎಂಬ ಹಣೆಪಟ್ಟಿ. ಹೆಂಗಸರಿಗಂತೂ ಅದು ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ. ಚೀಟಿ ಆಮೇಲೆ ಮಾಡಿಸಿದರಾಯಿತು ಎಂದು ಬಂದವರನ್ನು ನೇರ ಮಲಗಿಸಿ 12 ಲೀಡ್ ಹಚ್ಚಿದವರು ನೀವು. ಇಂಜೆಕ್ಷನ್ ಕೊಡುವಾಗಲೂ ಮಷಿನ್ ನಿಲ್ಲಿಸದೆ ಕಾಗದ ಓಡಿಸಿದಿರಿ. ಬಡಿತ ಕಡಿಯುವ ಆ ನಾಲ್ಕೈದು ಸೆಕೆಂಡಿನ ಗೆರೆ ನೋಡಿದರೆ, ಸುತ್ತು ಎಲ್ಲಿದೆ ಎಂಬುದರ ಸುಳಿವು ಸಿಗುತ್ತದೆ.

ಇನ್ನು ತುರ್ತು ವಿಭಾಗದ ಸಿಸ್ಟರ್‌ಗಳು. ಆ ಸುತ್ತು ಕಡಿಯಲು ಕೊಡುವ ಇಂಜೆಕ್ಷನ್ ಅಡೆನೊಸಿನ್ ರಕ್ತದಲ್ಲಿ ಉಳಿಯುವುದೇ ಕೆಲವು ಸೆಕೆಂಡು. ಅಂಗೈ ಹಿಂಬದಿಯ ಸಣ್ಣ ನರಕ್ಕೆ ನಿಧಾನವಾಗಿ ಕೊಟ್ಟರೆ ಹೃದಯ ತಲುಪುವ ಮೊದಲೇ ಕರಗಿ ಹೋಗಿರುತ್ತದೆ. ಮೊಣಕೈ ಮಡಿಕೆಯ ದಪ್ಪ ನರ, 6 ಮಿಲಿಗ್ರಾಂ ಒಂದೇ ತಳ್ಳಿಗೆ, ಬೆನ್ನಿಗೇ 20 ಎಂಎಲ್ ಸಲೈನ್, ಕೈ ಮೇಲಕ್ಕೆ. ಇದಿಷ್ಟನ್ನೂ ತಪ್ಪದೆ ಮಾಡಿದಿರಿ. ಆಸ್ತಮಾ ಇದೆಯೇ ಎಂದು ಮೊದಲೇ ಕೇಳಿದಿರಿ. ಎಲ್ಲಕ್ಕಿಂತ ದೊಡ್ಡದು, “ಎದೆ ಹಿಂಡಿದ ಹಾಗೆ, ಪ್ರಾಣ ಹೋದ ಹಾಗೆ ಆಗುತ್ತೆ ಅಮ್ಮಾ, ಸ್ವಲ್ಪ ಹೊತ್ತು ಅಷ್ಟೇ” ಎಂದು ಮುಂಚೆಯೇ ಹೇಳಿದ್ದು. ಹೇಳದೆ ಕೊಟ್ಟರೆ ಮತ್ತೆ ಆ ಇಂಜೆಕ್ಷನ್ ಹೆಸರೆತ್ತಿದರೂ ಜನ ಹೆದರುತ್ತಾರೆ.

ಗಡಿಯಾರ ನೋಡಿ ನಾಡಿ ಎಣಿಸಿದ ಮನೆಯವರಿಗೂ ನಮಸ್ಕಾರ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು. ತಾಳ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ. ಬಡಿತ ವೇಗವಾಗಿ ತಾಳ ತಪ್ಪಿದಾಗ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಾಡಿಯ ಸಂಖ್ಯೆಯನ್ನು ಕಡಿಮೆ ತೋರಿಸಬಹುದು, ಅದನ್ನೊಂದೇ ನಂಬಬೇಡಿ. ಸಂಖ್ಯೆಯ ಜೊತೆಗೆ ನೀವು ಬರೆದು ತಂದ ಇನ್ನೆರಡು ಮಾತು ನಮಗೆ ಹೆಚ್ಚು ಉಪಯೋಗಕ್ಕೆ ಬಂದವು: ತಟ್ಟನೆ ಶುರುವಾಯಿತೋ ನಿಧಾನಕ್ಕೆ ಏರಿತೋ, ತಾಳ ಸಮವಾಗಿತ್ತೋ ಇಲ್ಲವೋ. ಜ್ವರ, ನೀರಿನಂಶದ ಕೊರತೆ, ರಕ್ತಹೀನತೆ, ಥೈರಾಯ್ಡ್‌ನಲ್ಲಿ ಬಡಿತ ಏರುವುದೂ ಇಳಿಯುವುದೂ ನಿಧಾನ. ತಾಳವೇ ಇಲ್ಲದ ಓಟ ಏಟ್ರಿಯಲ್ ಫಿಬ್ರಿಲೇಷನ್ (ಮೇಲ್ಕೋಣೆ ತಾಳವಿಲ್ಲದೆ ಅದುರುವುದು) ಇರಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಭಯವಿದೆ. ಎಸ್‌ವಿಟಿ ಬಂದಾಗ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದನ್ನೂ ಸಂಕೋಚಪಡದೆ ಹೇಳಿದಿರಿ. ಹಿಗ್ಗಿದ ಮೇಲ್ಕೋಣೆ ಬಿಡುವ ಹಾರ್ಮೋನಿನ ಕೆಲಸ ಅದು.

ಎಸ್‌ವಿಟಿ ನಿಲ್ಲಿಸಲು ಸಿರಿಂಜ್ ಊದುವುದನ್ನು ಸರಿಯಾಗಿ ಕಲಿತವರನ್ನು ಮರೆಯುವಂತಿಲ್ಲ. ಅರ್ಧ ಒರಗಿ ಕೂತು, 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು ಪಿಸ್ಟನ್ ಅಲ್ಲಾಡುವಷ್ಟು ಬಿಗಿಯಾಗಿ 15 ಸೆಕೆಂಡು ಊದುವುದು, ಕೂಡಲೇ ಅಂಗಾತ ಮಲಗಿ ಇನ್ನೊಬ್ಬರಿಂದ ಕಾಲನ್ನು 45 ಡಿಗ್ರಿ ಎತ್ತಿಸಿಕೊಂಡು, ಊದದೆ, ಹಾಗೇ 15 ಸೆಕೆಂಡು ಇರುವುದು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಹೀಗೆ ಕಾಲೆತ್ತಿದಾಗ ಶೇ. 43 ಮಂದಿಗೆ ಬಡಿತ ಸರಿಹೋಯಿತು, ಬರೀ ಊದಿದಾಗ ಶೇ. 17 ಮಂದಿಗೆ. ತಪ್ಪುವುದು ಹೆಚ್ಚಾಗಿ ಕಾಲಿನಲ್ಲೇ: ಊದಿ ಮುಗಿಸಿ, ನೀರು ಕುಡಿದು, ಆಮೇಲೆ ಮಲಗುತ್ತಾರೆ. ಇದು ಎಸ್‌ವಿಟಿ ಎಂದು ಖಚಿತವಾಗಿ, ಡಾಕ್ಟರು ಹೇಳಿಕೊಟ್ಟವರಿಗೆ ಮಾತ್ರ. ಕಣ್ಣುಗುಡ್ಡೆ ಒತ್ತುವ ಹಳೆಯ ಉಪಾಯ ಬೇಡವೇ ಬೇಡ. ಮನೆಯಲ್ಲಿ ಕುತ್ತಿಗೆ ನರ ತಿಕ್ಕುವುದೂ ಬೇಡ.

ಊದುತ್ತಾ ಕೂರದೆ 108ಕ್ಕೆ ಫೋನ್ ಮಾಡಿದವರಿಗೆ ಇನ್ನೂ ದೊಡ್ಡ ನಮಸ್ಕಾರ. ಎದೆನೋವು, ಉಸಿರಾಟದ ಕಷ್ಟ, ತಣ್ಣನೆಯ ಬೆವರು, ಕಣ್ಣುಕತ್ತಲೆ, ಎಚ್ಚರ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಹಿಂದೆ ಹಾರ್ಟ್ ಅಟ್ಯಾಕ್ ಆದವರು, ಗರ್ಭಿಣಿಯರು, ಮನೆಯಲ್ಲಿ ಚಿಕ್ಕವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿರುವವರು ಕೂಡ ಕಾಯುವ ಸಾಲಿನವರಲ್ಲ. ಇಂಥ ಹೊತ್ತಿನಲ್ಲಿ ಸ್ಕೂಟರ್ ತಾವೇ ಓಡಿಸಿಕೊಂಡು ಬರುವ ಧೈರ್ಯವನ್ನಂತೂ ನಾವು ಮೆಚ್ಚುವುದಿಲ್ಲ.

ಮುಂದಿನ ಸಭೆಗೆ ಹಳೆಯ ಇಸಿಜಿಗಳನ್ನು ತನ್ನಿ. ಶಾಖಕ್ಕೆ ಕಪ್ಪಾಗುವ ಕಾಗದ ಅದು. ವರ್ಷ ಕಳೆದಂತೆ ಗೆರೆ ಮಾಸುತ್ತದೆ, ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕಪ್ಪು. ತೆಗೆದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೊಂದು ಫೋಟೊ ಇರಲಿ. ಈಗಾಗಲೇ ಮಾಸಿದ್ದರೂ ತನ್ನಿ, ಬೆಳಕಿಗೆ ಹಿಡಿದು ನೋಡೋಣ.